ಯಾರ್ಕಿನ ಹಣಿಗೆ

ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಹೋದವರು ಮೊದಲು ಅಲ್ಲಿಯ ಮಹಾ ಇಗರ್ಜಿಯನ್ನು ನೋಡುತ್ತಾರೆ. ನಾವೂ ನೋಡಿದೆವು. ಆದರೆ ನಮ್ಮನ್ನು ಬಹುಹೊತ್ತು ನಿಲ್ಲಿಸಿದ್ದು ಕಾಪರ್‌ಗೇಟ್ ಬೀದಿಯ ನೆಲದಡಿಯ ಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದ ಒಂದು ಹಣಿಗೆ.

866ರಲ್ಲಿ ಈ ಊರನ್ನು ಗೆದ್ದ ವೈಕಿಂಗರು ಇದನ್ನು ಯೋರ್ವಿಕ್ ಎಂದು ಕರೆದರು. ಊಜ್, ಫಾಸ್ ಎಂಬ ಎರಡು ನದಿಗಳ ನಡುವಣ ಈ ನೆಲ ಸದಾ ತೇವ. ಗಾಳಿಯಾಡದ ಆ ಕೆಸರಿನಲ್ಲಿ ತೊಗಲು, ಉಣ್ಣೆಗಳೂ ಕೊಳೆಯದೆ ಉಳಿದುವು. 1976ರಿಂದ 1981ರವರೆಗಿನ ಉತ್ಖನನದಲ್ಲಿ ಸುಮಾರು 40,000 ವಸ್ತುಗಳು ದೊರೆತುವು. ಅಗೆದ ಸ್ಥಳದಲ್ಲಿಯೇ 1984ರಲ್ಲಿ ಸಂಗ್ರಹಾಲಯವು ತೆರೆಯಿತು. ಉಳಿಸಿದ ನೀರೇ 2015ರ ಡಿಸೆಂಬರಿನಲ್ಲಿ ನೆರೆಯಾಗಿ ಒಳನುಗ್ಗಿದ್ದರಿಂದ ಅದು 2017ರವರೆಗೆ ಮುಚ್ಚಿತ್ತು.

ಹಣಿಗೆಯನ್ನು ಮಾಡಿದ್ದು ಕೆಂಪು ಜಿಂಕೆಯ ಕವಲುಗೊಂಬಿನಿಂದ. ಅದಕ್ಕೆ ಬೇಟೆಯೇ ಬೇಕೆಂದಿಲ್ಲ. ಗಂಡು ಜಿಂಕೆ ವರ್ಷಕ್ಕೊಮ್ಮೆ ಉದುರಿಸುವ ಕೊಂಬುಗಳನ್ನು ಆಯ್ದು ತರುತ್ತಿದ್ದರು. ಕೊಂಬಿನ ಎಳೆಯ ದಿಕ್ಕಿನಲ್ಲಿ ಹಲ್ಲು ಕೊಯ್ದರೆ ಮಾತ್ರ ಅದು ಸುಲಭವಾಗಿ ಮುರಿಯದು. ಆದಕಾರಣ ಕುಶಲಕರ್ಮಿಯು ಚಿಕ್ಕ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ಎರಡು ಉದ್ದನೆಯ ಪಟ್ಟಿಗಳ ನಡುವೆ ಇರಿಸಿ, ಕಬ್ಬಿಣದ ಮೊಳೆಗಳಿಂದ ಬಿಗಿದು, ಅನಂತರ ಸಣ್ಣ ಗರಗಸದಿಂದ ಹಲ್ಲುಗಳನ್ನು ಕೊಯ್ಯುತ್ತಿದ್ದನು. ಪಟ್ಟಿಯ ಅಂಚಿಗೆ ಗರಗಸ ತಾಗಿದ ಗುರುತುಗಳು ಇಂದಿಗೂ ಮಾಸಿಲ್ಲ.

ಪ್ರಾಣಿಯ ಯಾವ ಅಂಗವನ್ನೂ ಅವರು ವ್ಯರ್ಥಗೊಳಿಸಿದಂತೆ ತೋರದು. ಕುದುರೆ, ದನಗಳ ಕಾಲೆಲುಬಿನ ಒಂದು ಮಗ್ಗುಲನ್ನು ಚಪ್ಪಟೆಗೊಳಿಸಿ ಪಾದದಡಿಗೆ ಇಟ್ಟುಕೊಂಡು, ಮೊನೆಯುಳ್ಳ ಕೋಲನ್ನು ಊರುತ್ತ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತಿದ್ದರು. ತೊಗಲಿನ ಪಾದರಕ್ಷೆಯನ್ನು ಒಳಮೈ ಹೊರಗೆ ಮಾಡಿ ಹೊಲಿದು ಆಮೇಲೆ ಮಗುಚುತ್ತಿದ್ದರು. ಒಂದೇ ಸೂಜಿಯಿಂದ ಹೆಣೆದ ಹತ್ತನೆಯ ಶತಮಾನದ ಉಣ್ಣೆಯ ಕಾಲುಚೀಲವೊಂದೂ ಇಲ್ಲಿ ಸಿಕ್ಕಿದೆ.

ನಮ್ಮ ಜೊತೆಗಿದ್ದ ತಾಯಿಯವರು ಹಣಿಗೆಯ ಮುಂದಿನಿಂದ ಕದಲಲಿಲ್ಲ. ಅವರು ಅಕ್ಕಲಕೋಟೆಯ ಕಡೆಯವರು. "ನಮ್ಮ ಅತ್ತಿಯವರದೂ ಕೋಡಿನ ಹಣಿಗಿ ಒಂದಿತ್ತಪಾ. ನನ್ನ ತಲಿ ಅದರಿಂದನ ಹಿಕ್ಕತಿದ್ರು. ಪ್ಲಾಸ್ಟಿಕ್ಕಿಂದು ಬಂದ ಮ್ಯಾಲೆ ನಾನ ಅದನ್ನ ತಿಪ್ಪಿಗೆ ಒಗದೆ" ಎಂದರು.

ಇಲ್ಲಿಯ ವಸ್ತುಗಳಲ್ಲಿ ಬಹಳಷ್ಟು ಅಂದಿನವರು ಕಸದ ಗುಂಡಿಗೆ ಎಸೆದವುಗಳೇ ಎಂದು ನಾವು ಸಮಾಧಾನ ಹೇಳಿದೆವು.

ಅವರು ಗಾಜಿನ ಮೇಲಿನ ಕೈಯನ್ನು ತೆಗೆಯಲಿಲ್ಲ. "ನಮ್ಮ ತಿಪ್ಪಿ ವರ್ಷಾ ಹೊಲಕ್ಕ ಹೋಗತಿತ್ತಲ್ಲಪಾ" ಎಂದರು.