ಅವಳ ಲೆಕ್ಕದ ಪುಸ್ತಕ

ಈ ಮಳೆಗಾಲದಲ್ಲಿ ಫರಂಗಿಪೇಟೆಯ ನಮ್ಮ ಮನೆಯ ಚಾವಡಿಯಲ್ಲಿ ಕೂತು ಎರಡು ಪುಸ್ತಕ ಓದಿದೆ. ಒಂದು ಬಾನು ಮುಷ್ತಾಕ್ ಅವರ ಕತೆಗಳು. ದೀಪಾ ಭಾಸ್ತಿಯವರ ಅನುವಾದದ ಮೂಲಕ ಅವಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಸಂತೋಷದಲ್ಲೇ ಮತ್ತೆ ಕೈಗೆತ್ತಿಕೊಂಡೆ. ಇನ್ನೊಂದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಓದಿ ಮುಗಿದ ಮೇಲೂ ಎರಡೂ ನನ್ನನ್ನು ಬಿಡಲಿಲ್ಲ.

ಬಾನು ಅವರ ‘ಎದೆಯ ಹಣತೆ’ ಕತೆಯ ಮೆಹರುನ್, ಗಂಡ ಇನ್ನೊಬ್ಬಳ ಕಡೆ ಹೊರಳಿದಾಗ ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಒಡಹುಟ್ಟಿದವರು ಅವಳನ್ನು ಅದೇ ಗಂಡನ ಮನೆಗೆ ಮರಳಿಸುತ್ತಾರೆ. ಚಂದ್ರಗಿರಿಯ ನಾದಿರಾಳ ತಲಾಖನ್ನು ಬೇಡಿ ಪಡೆಯುವವನು ಅವಳ ಅಪ್ಪ. ಅವಳ ಮನಸ್ಸನ್ನು ಕೇಳಿದವರಿಲ್ಲ. ತನ್ನದೆನ್ನುವ ಒಂದು ಸೂರು, ತಿಂಗಳಿಗಿಷ್ಟು ಖಾತ್ರಿಯ ದುಡ್ಡು ಇದ್ದಿದ್ದರೆ ಇವರಿಬ್ಬರ ಕತೆ ಬೇರೆಯಾಗುತ್ತಿರಲಿಲ್ಲವೇ?

ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಹೆಣ್ಣಿಗೆ ಹುಟ್ಟಿದ ಕುಟುಂಬದಲ್ಲೇ ಹಕ್ಕಿತ್ತು. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿದ್ದರೂ, ಮದುವೆ ಮುರಿದವಳು ಮರಳಿ ಬಂದರೆ ಅದು ಅವಳದೇ ಮನೆ. ಆ ಕಟ್ಟು ಇಲ್ಲದವರಿಗೆ, ಅದು ಸಡಿಲವಾದವರಿಗೆ ಈಗ ಉಳಿದಿರುವ ಆಸರೆ ಜೀವನಾಂಶ.

ನೆರೆಮನೆಯವಳು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಕತ್ತರಿಸಿದ ಎಲೆಗೆ ಹೊಗೆಸೊಪ್ಪು ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯುವಾಗ ಅವಳ ಕಣ್ಣು ಕೈಯ ಮೇಲಿರುವುದೇ ಇಲ್ಲ. ಗಂಡ ಬಿಟ್ಟುಹೋಗಿದ್ದಾನೆ, ಜೀವನಾಂಶಕ್ಕೆ ಅರ್ಜಿ ಹಾಕಿದ್ದಾಳೆ. ಒಂದು ಸಂಜೆ ಹೇಳಿದಳು: “ಬೀಡಿ ಬ್ರಾಂಚಿನಲ್ಲಿ ಒಂದೊಂದು ಬೀಡಿಗೂ ಲೆಕ್ಕ ಉಂಟು ಟೀಚರೇ, ಪುಸ್ತಕದಲ್ಲಿ ಬರೆದು ಕೊಡ್ತಾರೆ. ಹನ್ನೊಂದು ವರ್ಷ ಆ ಮನೆಯಲ್ಲಿ ದುಡಿದೆನಲ್ಲ, ಅದರ ಪುಸ್ತಕ ಎಲ್ಲುಂಟು?”

ಜೀವನಾಂಶ ಎಂಬ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡದ್ದು ಆಗ. ಅದು ಅಂಶ, ಎಂದರೆ ಪಾಲು. ಕೂಡಿ ಕಟ್ಟಿದ ಬದುಕಿನಲ್ಲಿ ಅವಳಿಗೆ ಸಲ್ಲಬೇಕಾದದ್ದು, ಯಾರದೋ ಕರುಣೆಯಲ್ಲ.

ಕಾನೂನು ಈ ಮಾತಿಗೆ ಬರಲು ಬಹಳ ಕಾಲ ಹಿಡಿಯಿತು. ವಕೀಲನ ಹೆಂಡತಿಯಾಗಿದ್ದ ಶಾಬಾನೋಗೆ ಮಧ್ಯಪ್ರದೇಶ ಹೈಕೋರ್ಟ್ ಗೊತ್ತುಮಾಡಿದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ. ಅಷ್ಟನ್ನು ಕೊಡಲೂ ಒಪ್ಪದ ಗಂಡ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ 500 ರೂಪಾಯಿಯ ಮಿತಿ ತೊಲಗಿದ್ದು 2001ರಲ್ಲಿ. ವಿಚ್ಛೇದಿತ ಮುಸ್ಲಿಂ ಹೆಣ್ಣುಮಕ್ಕಳಿಗೂ ಆ ಕಲಮಿನ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಗಂಡಸರ ಅಳಲಿನಲ್ಲೂ ಹುರುಳಿದೆ. ದಿನಗೂಲಿಯವನ ಮೇಲೆ ಅವನಿಂದ ತೀರದ ಹೊರೆ ಹೊರಿಸಬಾರದು. ಹೆಂಡತಿಯ ಗಳಿಕೆಯೂ ಲೆಕ್ಕಕ್ಕೆ ಬರಬೇಕು. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಮುಗಳಲ್ಲಿ ಗಂಡನೂ ಜೀವನಾಂಶ ಕೇಳಬಹುದು. ಅದಕ್ಕೇ ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪು ನನಗೆ ಮೆಚ್ಚುಗೆ. ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೆರೆದಿಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಮಕ್ಕಳಿಗಾಗಿ, ಮನೆಯ ಹಿರಿಯರಿಗಾಗಿ ಕೆಲಸ ಬಿಟ್ಟವಳ ವರ್ಷಗಳನ್ನೂ ಎಣಿಸಬೇಕು ಎನ್ನುತ್ತದೆ ಅದು. ನೆರೆಯವಳು ಕೇಳಿದ ಪುಸ್ತಕದ ಮೊದಲ ಪುಟ ಇದೇ ಎಂದುಕೊಂಡೆ.

ಅವಳಿಗೆ ಇದನ್ನೆಲ್ಲ ವಿವರಿಸಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಅಂದು ಅವಳ ಕೇಸಿನ ವಾಯಿದೆ ಇತ್ತು. ಬೆಳಿಗ್ಗೆಯೇ ಬಸ್ಸು ಹತ್ತಿ ಹೋಗಿದ್ದಳು. ಗಂಡ ಬರಲಿಲ್ಲ, ಕೇಸು ಮುಂದಕ್ಕೆ ಹೋಯಿತು. ಒಂದು ವಾಯಿದೆಗೆ ಹೋದರೆ ಒಂದು ದಿನದ ಬೀಡಿ ಇಲ್ಲ. ಜೀವನಾಂಶದ ನ್ಯಾಯ ಈಗ ಸೋಲುತ್ತಿರುವುದು ಇಲ್ಲಿಯೇ, ಈ ತಡದಲ್ಲಿ. ರಾತ್ರಿ ನಾನು ದೀಪ ಆರಿಸುವಾಗ ಅವಳ ಜಗಲಿಯ ಬಲ್ಬು ಇನ್ನೂ ಉರಿಯುತ್ತಿತ್ತು. ಹಗಲು ತಪ್ಪಿದ ಲೆಕ್ಕವನ್ನು ಅವಳು ತುಂಬಿಸುತ್ತಿದ್ದಳು.