ತಿಂಡಿ ಬರುವ ಮುನ್ನ

ವಿಮಾನದ ಊಟದ ಮಾತು ಬಂದರೆ ನಮ್ಮವರಲ್ಲಿ ಮೂಗು ಮುರಿಯದವರು ಕಡಿಮೆ. ಉಪ್ಪಿಲ್ಲ, ಖಾರವಿಲ್ಲ, ಕಾಫಿಯಂತೂ ಕಲಗಚ್ಚು ಎಂಬುದು ಅಮೆರಿಕಕ್ಕೆ ಹೋಗಿಬಂದ ತಂದೆತಾಯಿಯರೆಲ್ಲರ ವರದಿ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಈ ದೂರಿಗೆ ಉತ್ತರ ತಿಳಿದಿತ್ತು. ಆ ಉತ್ತರವನ್ನು ವಿವರಿಸುತ್ತ ಕುಳಿತೇ ಒಮ್ಮೆ ನಾನು ಎಡವಿದೆ.

2019ರ ಜುಲೈ. ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಹೊರಟಿದ್ದೆವು. ಬೆಳಗಿನ ವಿಮಾನ. ಮನೆಯಿಂದ ಹೊರಟಾಗ ನಡುರಾತ್ರಿ ಕಳೆದಿತ್ತು. ಹೊಟ್ಟೆಗೆ ಬಿದ್ದದ್ದು ಸಕ್ಕರೆಯಿಲ್ಲದ ಅರ್ಧ ಲೋಟ ಕಾಫಿ ಮಾತ್ರ. ಆಕೆಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ತಿಂಡಿಗೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುವುದು ನಿತ್ಯದ ಕ್ರಮ. ವಿಮಾನ ಮೇಲೇರಿದೊಡನೆ ಅಡುಗೆಮನೆಯ ಕಡೆಯಿಂದ ಬಿಸಿಯಾಗುತ್ತಿದ್ದ ತಿಂಡಿಯ ವಾಸನೆ ಬಂದಿತು. "ಇನ್ನೇನು ಬಂದೇಬಿಡುತ್ತದೆ, ತೆಗೆದುಕೋ" ಎಂದವನು ನಾನೇ.

ಆದರೆ ಮುಂಗಾರಿನ ಮೋಡಗಳ ನಡುವೆ ವಿಮಾನ ಕುಲುಕತೊಡಗಿತು. ಬೆಲ್ಟ್ ಕಟ್ಟಿಕೊಳ್ಳುವ ದೀಪ ಹೊತ್ತಿತು. ತಳ್ಳುಗಾಡಿಗಳು ಒಳಸೇರಿದವು, ಗಗನಸಖಿಯರೂ ತಮ್ಮ ಸ್ಥಾನಗಳಲ್ಲಿ ಕುಳಿತರು. ಕಾಲ ಕಳೆಯಬೇಕಲ್ಲ ಎಂದು ನಾನು ಪಾಠ ಆರಂಭಿಸಿದೆ. ಹೊರಗೆ ಮೂವತ್ತೈದು ಸಾವಿರ ಅಡಿ ಎತ್ತರವಿದ್ದರೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟು. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದರೆ ಇಲ್ಲಿ 92ರ ಆಸುಪಾಸಿನಲ್ಲೇ ಕುದಿಯುತ್ತದೆ. ಚಹಾದ ಸೊಪ್ಪಿನ ಸಾರ ಸರಿಯಾಗಿ ಇಳಿಯುವುದಿಲ್ಲ. ಗಾಳಿಯಲ್ಲಿ ತೇವ ಶೇಕಡ 20ಕ್ಕಿಂತ ಕಡಿಮೆಯಾದ್ದರಿಂದ ಮೂಗು ಒಣಗುತ್ತದೆ, ವಾಸನೆ ತಿಳಿಯದಿದ್ದರೆ ರುಚಿಯೂ ತಿಳಿಯದು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಹಳೆಯ ವಿಮಾನವೊಂದರ ಒಡಲನ್ನೇ ಒತ್ತಡ ಇಳಿಸುವ ಕೋಣೆಯಲ್ಲಿಟ್ಟು ಜನರಿಗೆ ಉಣಬಡಿಸಿ ನೋಡಿದ್ದಾರೆ; ಉಪ್ಪೂ ಸಿಹಿಯೂ ಮಂದವಾದವು, ಟೊಮೆಟೊ ರಸ ಮಾತ್ರ ಹಿತವೆನಿಸಿತು. ಎಂಜಿನ್ನಿನ ಸದ್ದಿಗೂ ಸಿಹಿಯ ಅರಿವನ್ನು ತಗ್ಗಿಸುವ ಗುಣವಿದೆಯೆಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಕಂಡುಕೊಂಡರು.

ಆಕೆ ಮಾತಿಲ್ಲದೆ ಕೇಳುತ್ತಿದ್ದಳು. ಇಷ್ಟು ಏಕಾಗ್ರತೆಯ ವಿದ್ಯಾರ್ಥಿ ನನಗೆ ಸೇವಾವಧಿಯಲ್ಲಿ ದೊರೆತಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಆಚೆ ಬದಿಯ ಸೀಟಿನ ಹುಡುಗ ತಟ್ಟನೆ, "ಸಾರ್, ಅಮ್ಮ ತುಂಬಾ ಬೆವರ್ತಿದ್ದಾರೆ, ನೋಡಿ" ಎಂದ. ನೋಡಿದೆ. ಹಣೆಯ ಕುಂಕುಮ ಕರಗಿ ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. ಹೆಸರು ಹಿಡಿದು ಕರೆದರೆ ನನ್ನನ್ನು ಗುರುತಿಸದವಳಂತೆ ನೋಡಿದಳು. ನನ್ನ ಚೀಲದಲ್ಲಿ ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ ಎಲ್ಲವೂ ಇದ್ದವು. ಸಕ್ಕರೆ ಕಾಯಿಲೆಯವಳಿಗೇಕೆ ಸಕ್ಕರೆ ಎಂದು ಒಂದು ಹರಳನ್ನೂ ಇಟ್ಟುಕೊಂಡಿರಲಿಲ್ಲ! ಹುಡುಗ ಗುಂಡಿ ಒತ್ತಿದ. ಗಗನಸಖಿಯೊಬ್ಬಳು ಸೀಟುಗಳನ್ನು ಹಿಡಿದುಕೊಂಡು ತೂರಾಡುತ್ತಲೇ ಕಿತ್ತಳೆ ರಸವನ್ನೂ ಸಕ್ಕರೆಯ ಪೊಟ್ಟಣಗಳನ್ನೂ ತಂದಳು. ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ನಿಮಿಷ. ಅಷ್ಟು ದೀರ್ಘವಾದ ಪೀರಿಯಡ್ಡನ್ನು ನಾನು ಕಂಡಿಲ್ಲ.

ಕೊನೆಗೆ ಆಕೆ ಕಣ್ಣರಳಿಸಿ, "ನಿಮ್ಮ ಪಾಠ ಮುಗೀತೇನ್ರೀ?" ಎಂದಳು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು.

ಊರಿಗೆ ಮರಳಿದ ಮೇಲೆ ವೈದ್ಯರು ಹೇಳಿದ ಮಾತನ್ನು ನನ್ನಂಥ ಹಿರಿಯ ಪ್ರಯಾಣಿಕರಿಗಾಗಿ ಇಲ್ಲಿ ಬರೆಯುತ್ತೇನೆ. ವಿಮಾನದಲ್ಲಿ ಗಡಿಯಾರವನ್ನಾಗಲಿ ವಾಸನೆಯನ್ನಾಗಲಿ ನಂಬಿ ಇನ್ಸುಲಿನ್ ತೆಗೆದುಕೊಳ್ಳಬಾರದು. ತಟ್ಟೆ ಎದುರಿಗೆ ಬರುವವರೆಗೆ ಕಾಯುವುದು ಲೇಸು. ಪ್ರಮಾಣ, ವೇಳೆಗಳನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಔಷಧ ಕೈಚೀಲದಲ್ಲೇ ಇರಲಿ, ಕೆಳಗಿನ ಸಾಮಾನಿನ ಕೋಣೆಯ ಶೀತಕ್ಕೆ ಅದು ಕೆಡಬಹುದು. ಜೊತೆಗೆ ಗ್ಲೂಕೋಸ್ ಇಲ್ಲವೇ ಸಕ್ಕರೆ ಇರಲೇಬೇಕು. ಬೆವರು, ನಡುಕ, ಗಲಿಬಿಲಿ ಕಂಡೊಡನೆ ಎಚ್ಚರವಿದ್ದವರಿಗೆ ಹದಿನೈದು ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಅಂದು ತಡವಾಗಿ ಬಂದ ಉಪ್ಪಿಟ್ಟು ಸಪ್ಪೆಯಾಗಿತ್ತೇ ಎಂದು ಕೇಳುವವರಿದ್ದಾರೆ. ಆಕೆ ತಟ್ಟೆಯನ್ನು ಬರಿದು ಮಾಡುವುದನ್ನು ನೋಡುತ್ತಿದ್ದ ನನಗೆ ನನ್ನ ಪಾಲಿನದರ ರುಚಿ ನೆನಪಿಲ್ಲ.