ಅಲ್ಲಿ ಈಗ ಎಷ್ಟು ಗಂಟೆ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ವ್ಯಾಪಾರಸ್ಥ ಬಂಧುಗಳಲ್ಲಿ ಯಾರ ಮಕ್ಕಳು ಪರದೇಶದಲ್ಲಿದ್ದಾರೋ ಅವರಿಗೆ ವರ್ಷಕ್ಕೆ ಎರಡು ಸಲ ಒಂದೇ ಗೊಂದಲ. ಫೋನಿನಲ್ಲಿ ಮೊದಲ ಪ್ರಶ್ನೆ, "ನಿಮಗೀಗ ಎಷ್ಟು ಗಂಟಿ?" ನಮ್ಮ ದೇಶದಲ್ಲಿಯೂ 1942ರಿಂದ 1945ರವರೆಗೆ ಯುದ್ಧಕಾಲದ ಸಲುವಾಗಿ ಗಡಿಯಾರ ಒಂದು ತಾಸು ಮುಂದೆ ಹೋಗಿತ್ತು. ಆಮೇಲೆ ಆ ಉಸಾಬರಿ ಇಲ್ಲವಾದ್ದರಿಂದ ನಮಗೆ ಈ ಲೆಕ್ಕ ಹತ್ತುವುದಿಲ್ಲ.

ಅಮೆರಿಕದಲ್ಲಿ ಮಾರ್ಚ್ ಎರಡನೆಯ ರವಿವಾರ ನಸುಕಿನ 2 ಗಂಟೆಗೆ ಗಡಿಯಾರ 3 ಆಗುತ್ತದೆ, ನವೆಂಬರ್ ಮೊದಲ ರವಿವಾರ 2 ಹೋಗಿ 1 ಆಗುತ್ತದೆ. 2007ರಿಂದ ಹೀಗಿದೆ. ಅವರ ನಸುಕು ಎಂದರೆ ನಮಗೆ ರವಿವಾರ ಮಧ್ಯಾಹ್ನದ ಸುಮಾರು. ಆದ್ದರಿಂದ ರವಿವಾರ ಮುಂಜಾನೆ ನ್ಯೂಯಾರ್ಕಿಗೆ ಫೋನು ಮಾಡಿದರೆ ಹಳೆಯ ಲೆಕ್ಕ, ಸಂಜೆ ಮಾಡಿದರೆ ಹೊಸದು. ಇಂಗ್ಲೆಂಡಿನವರದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ರವಿವಾರ. 2024ರ ದೀಪಾವಳಿಯಲ್ಲಿ ಲಂಡನ್ ಬದಲಾಗಿತ್ತು, ನ್ಯೂಯಾರ್ಕ್ ಇನ್ನೂ ಇರಲಿಲ್ಲ. ಮಹಾವೀರ ನಿರ್ವಾಣದ ದಿನ ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಫೋನಿಗೆ ಕರೆದವರಿಗೆ ಇದರ ಬಿಸಿ ತಟ್ಟಿರಬೇಕು. ದುಬೈಯವರು ಮಾತ್ರ ಪುಣ್ಯವಂತರು, ವರ್ಷವಿಡೀ ನಮಗಿಂತ ಒಂದೂವರೆ ತಾಸು ಹಿಂದೆ.

ಫೋನಿನ ಮಾತು ಬಿಡಿ, ತಡವಾದರೆ ಮತ್ತೆ ಮಾಡಬಹುದು. ರಾತ್ರಿಭೋಜನ ತ್ಯಾಗದ ವ್ರತ ಹಿಡಿದವರ ಗತಿಯೇನು? ನ್ಯೂಜೆರ್ಸಿಯಲ್ಲಿ ನವೆಂಬರ್ ಮೊದಲ ಶನಿವಾರ ಸಂಜೆ 6ಕ್ಕೆ ತುಸು ಮುಂಚೆ ಹೊತ್ತು ಮುಳುಗಿದರೆ, ಮರುದಿನ 5ಕ್ಕೆ ಮುಂಚೆಯೇ ಮುಳುಗುತ್ತದೆ. ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲು ಊಟ ಮುಗಿಸುವವರು 4ಕ್ಕೆಲ್ಲ ಎಲೆ ಮುಂದಿರಬೇಕು. ಆಫೀಸು ಬಿಡುವುದೇ 5ಕ್ಕೆ!

"ಆರು ಗಂಟೆಗೆ ಊಟ ಮುಗಿಸಿದರಾಯಿತು" ಎಂದು ಇಲ್ಲಿಂದ ಹೇಳುವ ಹಿರಿಯರಿದ್ದಾರೆ. ಅದು ನಮಗೆ ಒಪ್ಪಿಗೆಯಿಲ್ಲ. ನಾರಾಯಣಪೇಟೆಯಲ್ಲೇ ನವೆಂಬರ್ ಕೊನೆಗೆ ಸುಮಾರು 5-45ಕ್ಕೆ ಸೂರ್ಯಾಸ್ತ, ಜೂನ್ ಕೊನೆಗೆ 7ಕ್ಕೆ ಸ್ವಲ್ಪ ಮೊದಲು. ವ್ರತ ಸೂರ್ಯನಿಗೆ ಕಟ್ಟಿದ್ದು, ಗಂಟೆಗಲ್ಲ. ಪರದೇಶದಲ್ಲಿ ಸೂರ್ಯೋದಯ-ಸೂರ್ಯಾಸ್ತದ ಪಟ್ಟಿ ನೋಡುವವರು, ಬೇಸಿಗೆಯ ಆ ಹೆಚ್ಚಿನ ತಾಸನ್ನು ಅದರಲ್ಲಿ ಸೇರಿಸಿದ್ದಾರೋ ಇಲ್ಲವೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಗದ್ವಾಲದ ನಮ್ಮ ಬೀಗರ ಸೊಸೆ ನವೆಂಬರ್ ಬಂತೆಂದರೆ ಆಫೀಸಿಗೆ ಎರಡು ಡಬ್ಬಿ ಒಯ್ಯುತ್ತಾಳೆ. ಎರಡನೆಯದರಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ. "ಮೂರೂವರಿಗೆ ಯಾರವ್ವಾ ಸಂಜಿ ಊಟ ಮಾಡ್ತಾರ?" ಎಂದು ಅತ್ತೆ ಕೇಳಿದರಂತೆ. "ಅತ್ತಿ, ಇಲ್ಲಿ ಹೊತ್ತು ಐದರೊಳಗ ಮುಣಗತದ" ಎಂದಳಂತೆ ಹುಡುಗಿ.